ದುಡಿಯುವ ಜಾಗದಲ್ಲೂ ಆರೋಗ್ಯ ಇರಲಿ



ಆರೋಗ್ಯ ಅಂದ ಕೂಡಲೇ ನಮಗೆ ನೆನಪಾಗುವುದು ಮಕ್ಕಳ ಚುಚ್ಚುಮದ್ದು, ಬಸುರಿ ಬಾಣಂತಿಯರ ಆರೈಕೆ, ಕುದಿಸಿ ಆರಿಸಿದ ನೀರು, ಊರಿನ ಶಾಲೆಯಲ್ಲಿ ನಡೆಯುವ ಕಣ್ಣಿನ ಶಿಬಿರ. ಇವೆಲ್ಲಾ ಬೇಕೇ ಬೇಕು. ಆದರೆ ಒಂದು ದಿನದ ಲೆಕ್ಕ ಹಾಕಿ ನೋಡಿ. ಗಾರ್ಮೆಂಟ್ಸ್‌ಗೆ ಹೋಗುವವರು ಬೆಳಿಗ್ಗೆ ಏಳು ಗಂಟೆಗೆ ಮನೆ ಬಿಟ್ಟರೆ ತಿರುಗಿ ಬರುವಾಗ ಸಂಜೆ ಏಳು. ಬೀಡಿ ಕಟ್ಟುವವರು ಮನೆಯಲ್ಲೇ ಇರ್ತಾರೆ ನಿಜ, ಆದರೆ ಮೊರ ತೊಡೆಯ ಮೇಲಿಂದ ಇಳಿಯುವುದು ಅಡುಗೆಗೆ ಮಾತ್ರ. ಎಚ್ಚರ ಇರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೆಲಸದಲ್ಲೇ ಕಳೆಯುತ್ತದೆ. ಆ ಕೆಲಸದ ಜಾಗ ನಮ್ಮ ಮೈಗೆ, ಮನಸ್ಸಿಗೆ ಏನು ಮಾಡ್ತಾ ಇದೆ ಅಂತ ನಾವು ಕೇಳಿಕೊಳ್ಳುವುದೇ ಇಲ್ಲ.

ಈ ಸಲದ ಸಭೆಯಲ್ಲಿ ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ‘ಸಾಲದ ಉದ್ದೇಶ’ ಎಂಬ ಕಾಲಂನಲ್ಲಿ ‘ಆಸ್ಪತ್ರೆ ಖರ್ಚು’, ‘ಔಷಧಕ್ಕೆ’ ಎಂದು ಎಷ್ಟು ಸಲ ಬರೆದಿದೆ ಎಣಿಸಿ. ಅದರಲ್ಲಿ ಬೆನ್ನು ನೋವು, ಕೈ ಜೋಮು, ಉಬ್ಬಸ, ಉರಿಮೂತ್ರ, ರಕ್ತ ಕಡಿಮೆ ಇವುಗಳಿಗೆ ಎಷ್ಟು ಅಂತ ಸದಸ್ಯರನ್ನೇ ಕೇಳಿ. ದುಡಿದು ಉಳಿಸಿದ ಹಣ, ದುಡಿದದ್ದರಿಂದಲೇ ಬಂದ ಕಾಯಿಲೆಗೆ ಹೋಗುತ್ತಿದ್ದರೆ ನಾವು ಮುಂದೆ ಬರುವುದು ಹೇಗೆ? ಆದ್ದರಿಂದ ಈ ಸಲ ಕೆಲಸದ ಜಾಗದ ಆರೋಗ್ಯದ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಡಾಕ್ಟರು ಕೇಳಬೇಕಾದ ಪ್ರಶ್ನೆ

ಇಟಲಿ ದೇಶದಲ್ಲಿ ಬರ್ನಾರ್ಡಿನೊ ರಾಮಜ್ಜಿನಿ ಎಂಬ ವೈದ್ಯರಿದ್ದರು. ಅವರು 1700ರಲ್ಲಿ ದುಡಿಯುವವರ ರೋಗಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಗಣಿ ಕೆಲಸದವರು, ಕುಂಬಾರರು, ನೇಯುವವರು, ಕೂತು ಹೊಲಿಯುವವರು, ಬಟ್ಟೆ ಒಗೆಯುವವರು, ಹೀಗೆ ಒಂದೊಂದು ಕಸುಬಿಗೂ ಒಂದೊಂದು ಬಗೆಯ ಕಾಯಿಲೆ ಅಂಟಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ರೋಗಿಯನ್ನು ನೋಡುವಾಗ ಎಲ್ಲಿ ನೋವು, ಎಷ್ಟು ದಿನದಿಂದ ಅಂತ ಕೇಳುವುದರ ಜೊತೆಗೆ ‘ನೀವು ಏನು ಕೆಲಸ ಮಾಡ್ತೀರಿ?’ ಅಂತಲೂ ಕೇಳಬೇಕು ಎಂದು ವೈದ್ಯರಿಗೆ ಹೇಳಿದವರು ಅವರೇ.

ಮುನ್ನೂರು ವರ್ಷ ದಾಟಿತು. ಇವತ್ತಿಗೂ ಆ ಪ್ರಶ್ನೆ ಎಲ್ಲಾ ಆಸ್ಪತ್ರೆಗಳಲ್ಲಿ ಕೇಳುವುದಿಲ್ಲ. ಹೊರಗೆ ಕ್ಯೂ ಉದ್ದ ಇರುತ್ತದೆ, ಡಾಕ್ಟರಿಗೆ ಸಮಯ ಇರುವುದಿಲ್ಲ. ಅವರು ಕೇಳದಿದ್ದರೆ ನಾವೇ ಹೇಳೋಣ. ‘ಡಾಕ್ಟ್ರೇ, ನಾನು ದಿನಕ್ಕೆ ಎಂಟು ಗಂಟೆ ಹೊಲಿಗೆ ಮೆಷಿನ್ ಮುಂದೆ ಕೂರ್ತೀನಿ’, ‘ನಾನು ಹದಿನೈದು ವರ್ಷದಿಂದ ಬೀಡಿ ಕಟ್ತೀನಿ’, ‘ನಾನು ತೋಟದಲ್ಲಿ ಔಷಧಿ ಹೊಡೆಯುವಾಗ ನೀರು ಹೊರ್ತೀನಿ’. ಈ ಒಂದು ಮಾತಿನಿಂದ ರೋಗದ ಬೇರು ಎಲ್ಲಿದೆ ಅಂತ ಗೊತ್ತಾಗಬಹುದು. ಇಲ್ಲವಾದರೆ ನೋವಿನ ಮಾತ್ರೆ ನುಂಗುವುದು, ಮತ್ತೆ ಅದೇ ಕೆಲಸಕ್ಕೆ ಹೋಗುವುದು, ಮತ್ತೆ ಮಾತ್ರೆ. ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು ಆಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಒಂದೊಂದು ಕೆಲಸಕ್ಕೆ ಒಂದೊಂದು ತೊಂದರೆ

ನಮ್ಮ ಸಂಘಗಳ ಹೆಂಗಸರು ಮಾಡುವ ಕೆಲಸಗಳನ್ನೇ ತೆಗೆದುಕೊಳ್ಳೋಣ.

ಗಾರ್ಮೆಂಟ್ಸ್: ಬೆನ್ನಿಗೆ ಆಸರೆ ಇಲ್ಲದ ಸ್ಟೂಲು, ಮುಂದೆ ಬಾಗಿದ ಕತ್ತು, ಒಂದೇ ಕಾಲಿನಲ್ಲಿ ಪೆಡಲ್. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿದಾಗ ಆ ಸ್ನಾಯು, ಆ ನರ ಸುಸ್ತಾಗುತ್ತದೆ. ಅದಕ್ಕೆ ಭುಜ, ಮಣಿಕಟ್ಟು, ಸೊಂಟ ಹಿಡಿದುಕೊಳ್ಳುವುದು. ಬಟ್ಟೆಯ ನಾರಿನ ಧೂಳು ಮೂಗಿಗೆ ಹೋಗಿ ಕೆಮ್ಮು, ಸೀನು ಬರುವುದೂ ಉಂಟು.

ಬೀಡಿ: ಹೊಗೆಸೊಪ್ಪಿನ ಪುಡಿ ಬರೀ ಉಸಿರಿನಿಂದ ಒಳಗೆ ಹೋಗುವುದಲ್ಲ, ಅದರ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಬೀಡಿ ಸೇದದವರಿಗೂ ತಲೆ ಸುತ್ತು, ವಾಕರಿಕೆ, ತಲೆನೋವು ಬರುವುದು ಹೀಗೆ. ಅದೇ ಕೈಯಲ್ಲಿ ಮಗುವಿಗೆ ತುತ್ತು ಕೊಟ್ಟರೆ ಮಗುವಿಗೂ ಪಾಲು ಹೋಯಿತು. ಮಲಗುವ ಕೋಣೆಯಲ್ಲಿ, ಒಲೆಯ ಹತ್ತಿರ ಹೊಗೆಸೊಪ್ಪು ಇಡಬೇಡಿ. ಕಿಟಕಿ ಪಕ್ಕ ಅಥವಾ ಜಗಲಿಯಲ್ಲಿ ಕೂರಿ, ಗೋಡೆಗೆ ಬೆನ್ನು ಕೊಡಿ, ಮೂಗಿಗೆ ಬಟ್ಟೆ ಕಟ್ಟಿ, ಊಟಕ್ಕೆ ಮೊದಲು ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ.

ಗೋಡಂಬಿ: ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ. ಕರಾವಳಿಯ ಕಾರ್ಖಾನೆಗಳಲ್ಲಿ ದುಡಿದವರ ಬೆರಳುಗಳನ್ನು ನೋಡಿದರೇ ಗೊತ್ತಾಗುತ್ತದೆ. ಕೈಗವಸು ಕೇಳಿ ಪಡೆಯಬೇಕು. ಅದಿಲ್ಲದೆ ಬೀಜ ಒಡೆಯಬೇಡಿ.

ಅಗರಬತ್ತಿ: ಇದ್ದಿಲ ಪುಡಿ, ಜಿಗಟಿನ ಪುಡಿ ನುಣ್ಣಗಿದ್ದಷ್ಟೂ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಹೊಸೆಯಬಾರದು. ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು.

ತೋಟ, ಹೊಲ: ಕೀಟನಾಶಕ ಹೊಡೆಯುವಾಗ ಗಾಳಿಗೆ ಎದುರಾಗಿ ನಿಲ್ಲಬಾರದು, ಬರಿಗಾಲು ಬೇಡ, ಖಾಲಿ ಹೊಟ್ಟೆ ಬೇಡ. ಬಸುರಿಯರು, ಹಾಲು ಕೊಡುವ ತಾಯಂದಿರು ಹತ್ತಿರ ಹೋಗಲೇಬಾರದು. ಖಾಲಿ ಡಬ್ಬ ಎಷ್ಟೇ ಚೆನ್ನಾಗಿದ್ದರೂ ಮನೆಗೆ ತರಬೇಡಿ.

ಅಂಗಡಿ: ದಿನವಿಡೀ ನಿಂತೇ ಇದ್ದರೆ ಕಾಲಿನ ನರಗಳು ಉಬ್ಬಿಕೊಳ್ಳುತ್ತವೆ, ಪಾದ ಬಾತುಕೊಳ್ಳುತ್ತದೆ.

ಇದನ್ನೆಲ್ಲಾ ಓದಿ ಹೆದರಬೇಡಿ. ಕೆಲಸ ಬಿಡಿ ಅಂತ ನಾವು ಹೇಳುತ್ತಿಲ್ಲ. ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ ಅಂತ ನಮಗೂ ಗೊತ್ತು. ಕೆಲಸ ಉಳಿಯಬೇಕು, ಮೈಯೂ ಉಳಿಯಬೇಕು.

ಯಾರೂ ಹೇಳದ ಕಾಯಿಲೆ

ಸಭೆಗಳಲ್ಲಿ ಬೆನ್ನು ನೋವಿನ ಬಗ್ಗೆ ಎಲ್ಲರೂ ಮಾತಾಡ್ತಾರೆ. ಇನ್ನೊಂದು ವಿಷಯ ಇದೆ, ಅದನ್ನು ಪಕ್ಕದವರ ಕಿವಿಯಲ್ಲಿ ಮಾತ್ರ ಹೇಳ್ತಾರೆ. ಕೆಲಸದ ಹೊತ್ತಿನಲ್ಲಿ ಮೂತ್ರಕ್ಕೆ ಹೋಗದೇ ಇರುವುದು.

ಶೌಚಾಲಯ ದೂರ ಇದೆ, ಗಲೀಜಾಗಿದೆ, ಚಿಲಕ ಇಲ್ಲ, ನೀರಿಲ್ಲ. ಎಲ್ಲಾ ಸರಿ ಇದ್ದರೂ ಎದ್ದು ಹೋದರೆ ಪೀಸ್ ಕಡಿಮೆಯಾಗುತ್ತದೆ, ಸೂಪರ್‌ವೈಸರ್ ಎಲ್ಲರ ಎದುರಿಗೆ ‘ಮತ್ತೆ ಹೋದ್ಯಾ?’ ಅಂತಾರೆ. ಆ ಒಂದು ಮಾತು ಕೇಳುವುದಕ್ಕಿಂತ ನೀರು ಕುಡಿಯದೆ ಇರುವುದೇ ವಾಸಿ ಅಂತ ನಮ್ಮ ಹೆಂಗಸರು ತೀರ್ಮಾನ ಮಾಡಿಬಿಡ್ತಾರೆ. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಎರಡು ಗುಟುಕು ನೀರು, ಅಷ್ಟೇ.

ಮೈಯೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಹೆಂಗಸರ ಮೂತ್ರನಾಳ ಗಂಡಸರದ್ದಕ್ಕಿಂತ ಬಹಳ ಗಿಡ್ಡ. ಆದ್ದರಿಂದ ರೋಗಾಣುಗಳು ಬೇಗ ಮೂತ್ರಕೋಶ ಸೇರುತ್ತವೆ. ನಾವು ಸಾಕಷ್ಟು ನೀರು ಕುಡಿದು ಆಗಾಗ ಮೂತ್ರ ಮಾಡುತ್ತಿದ್ದರೆ ಅವು ತೊಳೆದು ಹೋಗುತ್ತವೆ. ಗಂಟೆಗಟ್ಟಲೆ ತಡೆದುಕೊಂಡರೆ ಅಲ್ಲೇ ಬೆಳೆಯುತ್ತವೆ. ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಮೊದಲ ಸೂಚನೆಗಳು. ಸೋಂಕು ಮೇಲೆ ಏರಿ ಮೂತ್ರಪಿಂಡ ತಲುಪಿದರೆ ಚಳಿಜ್ವರ, ಪಕ್ಕೆ ನೋವು, ವಾಂತಿ. ಬಸುರಿಯರಿಗೆ ಇದು ಇನ್ನೂ ಅಪಾಯ, ದಿನ ತುಂಬುವ ಮೊದಲೇ ಹೆರಿಗೆ ಆಗಿಬಿಡಬಹುದು. ನೀರು ಕಡಿಮೆಯಾದರೆ ಮೂತ್ರದಲ್ಲಿ ಕಲ್ಲು, ಮಲಬದ್ಧತೆ, ತಲೆನೋವು ಬೇರೆ.

ಲೆಕ್ಕವನ್ನೂ ನೋಡೋಣ. ದಿನದ ಸಂಬಳ 450 ರೂಪಾಯಿ ಅಂತ ಇಟ್ಟುಕೊಳ್ಳಿ. ಉರಿಮೂತ್ರ, ಜ್ವರ ಬಂದು ಮೂರು ದಿನ ಮಲಗಿದರೆ 1350 ರೂಪಾಯಿ ಹೋಯಿತು. ಡಾಕ್ಟರು, ಪರೀಕ್ಷೆ, ಮಾತ್ರೆ ಅಂತ 600. ಒಟ್ಟು 1950. ಸಂಘದಿಂದ 2000 ಸಾಲ ತೆಗೆದರೆ ನೂರಕ್ಕೆ ಎರಡರಂತೆ ತಿಂಗಳಿಗೆ 40 ರೂಪಾಯಿ ಬಡ್ಡಿ. ಇಷ್ಟೆಲ್ಲಾ ಆದದ್ದು ದಿನಕ್ಕೆ ಎರಡು ಸಲ ಐದೈದು ನಿಮಿಷ ಎದ್ದು ಹೋಗಲು ಆಗದೇ ಇದ್ದುದಕ್ಕೆ. ಮಾಲೀಕರಿಗೂ ಮೂರು ದಿನ ಮೆಷಿನ್ ಖಾಲಿ. ಇದರಲ್ಲಿ ಲಾಭ ಯಾರಿಗಾಯಿತು ಹೇಳಿ?

ಶಿಬಿರ ಒಂದು ದಿನ, ರೂಢಿ ಪ್ರತಿ ದಿನ

ಕೆಲವು ಕಡೆ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುತ್ತಾರೆ. ಬಿ.ಪಿ. ನೋಡ್ತಾರೆ, ಶುಗರ್ ನೋಡ್ತಾರೆ, ಬ್ಯಾನರ್ ಮುಂದೆ ಫೋಟೋ ತೆಗೀತಾರೆ. ಒಳ್ಳೆಯದೇ. ಆದರೆ ಮರುದಿನ ನೀರಿನ ಬಾಟಲಿ ಮೆಷಿನ್ ಹತ್ತಿರ ಇಡುವ ಹಾಗಿಲ್ಲ ಅಂದರೆ ಆ ಶಿಬಿರದಿಂದ ಏನು ಪ್ರಯೋಜನ?

ಕೆಲಸದ ಜಾಗದಲ್ಲಿ ಆರೋಗ್ಯದ ಸಂಸ್ಕೃತಿ ಅಂದರೆ ದೊಡ್ಡ ಮಾತೇನಲ್ಲ. ದಿನಾ ನಡೆಯುವ ರೂಢಿ. ನೀರು ಕುಡಿದಿದ್ದಕ್ಕೆ ಯಾರೂ ಬೈಯಬಾರದು. ಕೂತಿದ್ದಕ್ಕೆ ಯಾರೂ ಹೀಯಾಳಿಸಬಾರದು. ಹೊಟ್ಟೆ ನೋವು ಅಂದಾಗ ‘ನಾಟಕ’ ಅನ್ನಬಾರದು. ಧೂಳಿಗೆ ಬಟ್ಟೆ ಕಟ್ಟಿಕೊಂಡವಳನ್ನು ನೋಡಿ ಉಳಿದವರು ನಗಬಾರದು. ಗೋಡೆಯ ಮೇಲೆ ನಿಯಮ ಬರೆದು ಅಂಟಿಸಿದರೆ ಸಾಲದು. ಆ ನಿಯಮ ಬಳಸಿದವಳಿಗೆ ಅವಮಾನ ಆಗದಿರಬೇಕು, ಆಗಲೇ ಅದು ರೂಢಿಯಾದ ಹಾಗೆ.

ಒಂದು ಉದಾಹರಣೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಸರ್ಕಾರಿ ಮತ್ತು ಖಾಸಗಿ ಕೆಲಸದಲ್ಲಿರುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಇದು ಸಂತೋಷದ ವಿಷಯ. ಆದರೆ ಆ ರಜೆ ಕೇಳಲು ಹೋದವಳನ್ನು ನೋಡಿ ನಾಲ್ಕು ಜನ ಮುಸಿಮುಸಿ ನಕ್ಕರೆ ಅವಳು ಮುಂದಿನ ತಿಂಗಳು ಕೇಳ್ತಾಳಾ? ಕಾನೂನು ಸರ್ಕಾರ ಕೊಡಬಹುದು. ನಗದೇ ಇರುವುದನ್ನು ನಾವೇ ಕಲಿಯಬೇಕು.

ಕೂರುವುದಕ್ಕಾಗಿ ನಡೆದ ಹೋರಾಟ

ನಮ್ಮ ಪಕ್ಕದ ಕೇರಳದಲ್ಲಿ ನಡೆದದ್ದನ್ನು ಎಲ್ಲಾ ಸಂಘಗಳೂ ತಿಳಿದುಕೊಳ್ಳಬೇಕು. ಕೋಝಿಕ್ಕೋಡ್ ನಗರದಲ್ಲಿ ಮಿಠಾಯಿ ತೆರುವು ಎಂಬ ಹೆಸರಾದ ಅಂಗಡಿ ಬೀದಿ ಇದೆ. ಅಲ್ಲಿಯ ಅಂಗಡಿಗಳಲ್ಲಿ ಸಾವಿರಾರು ಹೆಂಗಸರು ಬಟ್ಟೆಬರೆ ಮಾರುವ ಕೆಲಸ ಮಾಡ್ತಾರೆ. ಗಿರಾಕಿ ಇಲ್ಲದಾಗಲೂ ಅವರು ಕೂರುವ ಹಾಗಿರಲಿಲ್ಲ. ಗೋಡೆಗೆ ಒರಗಿದರೂ ಬೈಗುಳ, ಕೆಲವು ಕಡೆ ಸಂಬಳದಲ್ಲಿ ಕಡಿತ. ಎಷ್ಟೋ ಕಟ್ಟಡಗಳಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ.

ಅದೇ ಬೀದಿಯಲ್ಲಿ ಟೈಲರ್ ಆಗಿದ್ದ ವಿಜಿ ಎಂಬ ಹೆಂಗಸು ಉಳಿದವರನ್ನು ಸೇರಿಸಿ ‘ಪೆಣ್‌ಕೂಟ್ಟ್’ ಎಂಬ ಕೂಟ ಕಟ್ಟಿದರು. ಪೆಣ್‌ಕೂಟ್ಟ್ ಅಂದರೆ ಹೆಂಗಸರ ಕೂಟ, ನಮ್ಮ ಸಂಘದ ಹಾಗೇ. ಅವರು ಮೊದಲು ಕೇಳಿದ್ದು ಶೌಚಾಲಯ. ಆಮೇಲೆ ಕೇಳಿದ್ದು ಕೂರುವ ಹಕ್ಕು. ಒಂದು ದಿನದಲ್ಲಿ ಆದ ಕೆಲಸ ಅಲ್ಲ, ವರ್ಷಗಟ್ಟಲೆ ಹಿಡಿಯಿತು. ಕಡೆಗೆ 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದು, ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಕೊಡಲೇಬೇಕು ಎಂದು ಹೇಳಿತು. 2021ರಲ್ಲಿ ತಮಿಳುನಾಡು ಕೂಡ ಅಂಥದೇ ತಿದ್ದುಪಡಿ ಮಾಡಿತು. 2018ರಲ್ಲಿ ಬಿಬಿಸಿ ಸಂಸ್ಥೆ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರನ್ನು ಸೇರಿಸಿತು.

ಇದರಲ್ಲಿ ನಮಗೆ ಮೂರು ಪಾಠ. ಒಂದು, ನಾಚಿಕೆ ಅಂತ ಮುಚ್ಚಿಟ್ಟಿದ್ದನ್ನು ಅವರು ಮೊದಲು ತಮ್ಮತಮ್ಮಲ್ಲಿ ಬಾಯಿಬಿಟ್ಟು ಮಾತಾಡಿದರು. ಎರಡು, ಎಲ್ಲರಿಗೂ ಬೇಕಾದ ಒಂದೇ ವಿಷಯ ಹಿಡಿದರು. ಮೂರು, ಒಬ್ಬಳನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ಸರಿಯಲಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ನಿಂತು ಕೆಲಸ ಮಾಡುವವರಿಗೆ ಕೂರಲು ಆಸನ, ಇವೆಲ್ಲಾ ಆ ಕಾಯ್ದೆಯಲ್ಲೇ ಇದ್ದವು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ 29 ಹಳೆಯ ಕಾರ್ಮಿಕ ಕಾನೂನುಗಳ ಬದಲಿಗೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ನೀರು, ಶೌಚಾಲಯ, ಆಸನ, ಪ್ರಥಮ ಚಿಕಿತ್ಸೆ ಹೊಸದರಲ್ಲೂ ಇವೆ. ಮುಖ್ಯವಾದವು ಇಷ್ಟು:

1. ಕೂಸಿನಮನೆ: ಹಳೆಯ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗೆ ಕಡ್ಡಾಯ ಇತ್ತು. ಹೊಸ ಸಂಹಿತೆಯಲ್ಲಿ 50 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ.

2. ಕ್ಯಾಂಟೀನು: 100 ಅಥವಾ ಹೆಚ್ಚು ಕೆಲಸಗಾರರಿದ್ದರೆ.

3. ಆರೋಗ್ಯ ತಪಾಸಣೆ: 40 ವರ್ಷ ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂದು ಕೇಂದ್ರ ಸರ್ಕಾರ ಘೋಷಿಸಿದೆ.

4. ಹೆರಿಗೆ ರಜೆ: 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳ ಸಹಿತ. ಅದಕ್ಕೆ ಮೊದಲು 12 ವಾರ ಮಾತ್ರ ಇತ್ತು.

5. ಇ.ಎಸ್.ಐ.: ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ. 2019ರ ಜುಲೈಯಿಂದ ಸಂಬಳದಲ್ಲಿ ಕಡಿತ ನೂರಕ್ಕೆ 75 ಪೈಸೆ, ಮಾಲೀಕರ ಪಾಲು ನೂರಕ್ಕೆ 3 ರೂಪಾಯಿ 25 ಪೈಸೆ. 12,000 ಸಂಬಳ ಇದ್ದರೆ ನಿಮ್ಮಿಂದ 90, ಮಾಲೀಕರಿಂದ 390. ಇದರಿಂದ ಮನೆಮಂದಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ನಿಯಮದಂತೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಸಿಗುತ್ತದೆ. ತಿಂಗಳು ತಿಂಗಳು ಹಣ ಕಡಿತ ಆಗುತ್ತಾ ಇದ್ದರೂ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಸಂಘದಿಂದ ಸಾಲ ತೆಗೆಯುವವರು ನಮ್ಮಲ್ಲಿ ಇದ್ದಾರೆ. ಕಾರ್ಡು ಹೊರಗೆ ತೆಗೆಯಿರಿ!

6. ಲೈಂಗಿಕ ಕಿರುಕುಳ: 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಒಳಗಿನ ದೂರು ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದವರಿಗೂ ಇದು ಅನ್ವಯಿಸುತ್ತದೆ. ಮೂರು ತಿಂಗಳ ಒಳಗೆ ದೂರು ಕೊಡಬೇಕು.

2022ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಅಂದರೆ ನೀರು, ಶೌಚಾಲಯ, ವಿಶ್ರಾಂತಿ ಕೇಳುವುದು ಭಿಕ್ಷೆ ಬೇಡಿದ ಹಾಗಲ್ಲ.

ರಕ್ತ ಕಡಿಮೆ ಇದ್ದರೆ ಕೈ ಓಡುವುದಿಲ್ಲ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಅಂದರೆ 15 ಜನರ ಸಂಘದಲ್ಲಿ ಏಳು ಜನರಿಗೆ ಇರಬಹುದು. ಬಸುರಿಯಲ್ಲದವರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಉಸಿರು ಮೇಲೆ ಕೆಳಗೆ, ಬೇಗ ಸುಸ್ತು, ತಲೆ ಸುತ್ತು. ಇಂಥವಳನ್ನು ಸೂಪರ್‌ವೈಸರ್ ‘ಸೋಮಾರಿ’ ಅಂತಾರೆ, ಮನೆಯಲ್ಲೂ ಹಾಗೇ ಅಂತಾರೆ. ಅವಳು ಸೋಮಾರಿ ಅಲ್ಲ, ರಕ್ತ ಇಲ್ಲ.

ಬೆಳಿಗ್ಗೆ ತಿಂಡಿ ಬಿಟ್ಟು ಹೋಗಬೇಡಿ. ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವ ಅಭ್ಯಾಸ ಬಿಡಿ. ರಾಗಿ, ನುಗ್ಗೆಸೊಪ್ಪು, ಹುರುಳಿ, ಕಾಳುಗಳು, ಸಾಧ್ಯವಾದವರು ಮೀನು, ಮೊಟ್ಟೆ ತಿನ್ನಿ. ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಹೀರುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹೀರುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. 30 ವರ್ಷ ದಾಟಿದವರು ಬಿ.ಪಿ., ಶುಗರ್ ಕೂಡ ನೋಡಿಸಿಕೊಳ್ಳಬೇಕು.

ಮನಸ್ಸಿಗೂ ಆಯಾಸ ಆಗುತ್ತದೆ

ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಹುಟ್ಟಿದಾಗಲೇ ಹೇಳಿತು: ಆರೋಗ್ಯ ಅಂದರೆ ರೋಗ ಇಲ್ಲದಿರುವುದು ಮಾತ್ರವಲ್ಲ, ಮೈ, ಮನಸ್ಸು ಮತ್ತು ಸಮಾಜದೊಳಗಿನ ಬಾಳು ಮೂರೂ ಚೆನ್ನಾಗಿರುವುದು. ದಿನಾ ಎಲ್ಲರೆದುರು ಬೈಗುಳ ತಿನ್ನುವವಳಿಗೆ ನಿದ್ದೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ, ಸಿಟ್ಟು ಮಕ್ಕಳ ಮೇಲೆ ತಿರುಗುತ್ತದೆ. ಇನ್ನು ಮನೆಗೆ ಬಂದರೆ ಎರಡನೇ ಪಾಳಿ ಕಾದಿರುತ್ತದೆ: ಪಾತ್ರೆ, ಅಡುಗೆ, ನೀರು, ಅತ್ತೆಯ ಔಷಧಿ. ಗಂಡ, ಗಂಡುಮಕ್ಕಳು ಇದರಲ್ಲಿ ಕೈ ಹಾಕದೆ ಹೆಂಗಸಿನ ಆರೋಗ್ಯ ಸುಧಾರಿಸುವುದಿಲ್ಲ. ಇದನ್ನು ಮನೆಯಲ್ಲಿ ಜಗಳವಿಲ್ಲದೆ, ಆದರೆ ಗಟ್ಟಿಯಾಗಿ ಹೇಳಬೇಕು.

ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಕೂರಬೇಡಿ. 2022ರ ಅಕ್ಟೋಬರ್‌ನಿಂದ ಸರ್ಕಾರದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ನಾವೇ ಮಾಲೀಕರಾದಾಗ

ಇಲ್ಲಿಯವರೆಗೆ ಮಾಲೀಕರ ಬಗ್ಗೆ ಹೇಳಿದ್ದಾಯಿತು. ಈಗ ನಮ್ಮ ಕಡೆ ತಿರುಗಿ ನೋಡೋಣ. ನಮ್ಮ ಎಷ್ಟೋ ಸಂಘಗಳು ರೊಟ್ಟಿ, ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ, ಟೈಲರಿಂಗ್ ಘಟಕ ನಡೆಸುತ್ತಿವೆ. ಅಲ್ಲಿ ಹೊಗೆ ಹೋಗಲು ಕಿಟಕಿ ಇದೆಯಾ? ಮೆಣಸಿನ ಪುಡಿ ಮಾಡುವವಳ ಮೂಗಿಗೆ ಬಟ್ಟೆ ಇದೆಯಾ? ಗ್ರೈಂಡರ್ ವಯರು ಹಳೆಯದಾಗಿ ಬಾಯಿ ಬಿಟ್ಟಿದೆಯಾ? ಹಬ್ಬದ ಆರ್ಡರ್ ಬಂದಾಗ ರಾತ್ರಿ ಹನ್ನೊಂದರವರೆಗೆ ಕೂರಿಸ್ತೀವಾ? ಸಂಘದ ಸದಸ್ಯೆ ಅಲ್ಲದ, ದಿನಗೂಲಿಗೆ ಬರುವ ಹುಡುಗಿಗೆ ಟೀ ಬೇರೆ ಲೋಟದಲ್ಲಾ, ಶೌಚಾಲಯಕ್ಕೆ ಪಕ್ಕದ ಮನೆಗೆ ಹೋಗು ಅಂತೀವಾ?

ಹೊರಗಿನ ಮಾಲೀಕರನ್ನು ಕೇಳುವ ಬಾಯಿ ನಮಗೆ ಬರಬೇಕಾದರೆ ನಮ್ಮ ಘಟಕ ಮೊದಲು ಸರಿ ಇರಬೇಕು. ಇದಕ್ಕೆ ದೊಡ್ಡ ಹಣ ಬೇಡ. ಎಕ್ಸಾಸ್ಟ್ ಫ್ಯಾನು, ಸೊಂಟದ ಎತ್ತರಕ್ಕೆ ಒಂದು ಮೇಜು, ಮುಚ್ಚಳ ಇರುವ ನೀರಿನ ಪಾತ್ರೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಳಗಿಂದ ಚಿಲಕ ಹಾಕುವ ಶೌಚಾಲಯ. ಬ್ಯಾಂಕ್ ಸಾಲಕ್ಕೆ ಯೋಜನೆ ಬರೆಯುವಾಗ ಮೆಷಿನ್ನಿನ ಬೆಲೆ ಜೊತೆಗೆ ಇವುಗಳ ಬೆಲೆಯನ್ನೂ ಬರೆಯಿರಿ.

ಸಂಘ ಏನು ಮಾಡಬಹುದು?

• ಪ್ರತಿ ಸಭೆಯ ಮೊದಲ ಹತ್ತು ನಿಮಿಷ ಆರೋಗ್ಯಕ್ಕೆ. ‘ಈ ವಾರ ಯಾರಿಗೆ ಏನು ನೋವು, ಅದು ಕೆಲಸದಿಂದ ಬಂದದ್ದಾ?’ ಎಂದು ಕೇಳಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮೂರು ತಿಂಗಳಾದ ಮೇಲೆ ಓದಿದರೆ ಒಬ್ಬಳ ನೋವಲ್ಲ, ಹತ್ತು ಜನರದ್ದು ಅಂತ ಕಾಣುತ್ತದೆ.

• ಒಂದೇ ಬೇಡಿಕೆ ಆರಿಸಿ. ಚಿಲಕ, ನೀರಿನ ಕ್ಯಾನ್, ಬೆನ್ನಿಗೆ ಆಸರೆ ಇರುವ ಕುರ್ಚಿ, ಯಾವುದಾದರೂ ಒಂದು.

• ಒಬ್ಬಳೇ ಹೋಗಬೇಡಿ. ನಾಲ್ಕೈದು ಜನ, ಎಲ್ಲರ ಸಹಿ ಇರುವ ಪತ್ರ ಹಿಡಿದು, ಮರ್ಯಾದೆಯಿಂದ ಕೇಳಿ. ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಒಕ್ಕೂಟಕ್ಕೆ ತಿಳಿಸಿ, ಕಾರ್ಮಿಕ ಇಲಾಖೆಯ ನಿರೀಕ್ಷಕರ ಕಚೇರಿಗೆ ಒಟ್ಟಾಗಿ ಹೋಗಿ.

• ಮಾಲೀಕರಿಗೆ ಅವರ ಲೆಕ್ಕವನ್ನೂ ಹೇಳಿ. ರಜೆ ಕಡಿಮೆ ಆಗುತ್ತದೆ, ಕೆಲಸ ಕಲಿತವರು ಬಿಟ್ಟು ಹೋಗುವುದಿಲ್ಲ, ತಪ್ಪು ಪೀಸ್ ಕಡಿಮೆ. ಮೆಷಿನ್ನಿಗೆ ಎಣ್ಣೆ ಹಾಕುವವರು ಮನುಷ್ಯರಿಗೆ ನೀರು ಕೊಡಲು ಹಿಂದೆ ಮುಂದೆ ನೋಡಬಾರದು.

• ಆರೋಗ್ಯ ನಿಧಿ ಇಡಿ. ತಿಂಗಳಿಗೆ ತಲಾ 10 ರೂಪಾಯಿ ಅಂದರೆ 15 ಜನರ ಸಂಘದಲ್ಲಿ ವರ್ಷಕ್ಕೆ 1800 ಆಗುತ್ತದೆ. ತುರ್ತಿಗೆ ಬಡ್ಡಿ ಇಲ್ಲದೆ ಕೊಡಬಹುದು.

• ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ, ಕತ್ತು, ಸೊಂಟ ಬಿಡಿಸಿಕೊಳ್ಳಿ. ಪಕ್ಕದವಳಿಗೂ ನೆನಪಿಸಿ. ಒಬ್ಬಳು ಎದ್ದರೆ ಕಣ್ಣಿಗೆ ಕಾಣುತ್ತದೆ, ಇಡೀ ಲೈನ್ ಎದ್ದರೆ ರೂಢಿಯಾಗುತ್ತದೆ.

• ಪ್ರತಿ ವರ್ಷ ಏಪ್ರಿಲ್ 28 ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ವಿಶ್ವ ದಿನ. ಮಹಿಳಾ ದಿನದ ಹಾಗೆ ಅದನ್ನೂ ಆಚರಿಸಿ, ಆರೋಗ್ಯ ಕೇಂದ್ರದ ವೈದ್ಯರನ್ನು, ಕಾರ್ಮಿಕ ಇಲಾಖೆಯವರನ್ನು ಕರೆಯಿರಿ.

ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಉಳಿತಾಯಕ್ಕೆ ಹೇಳ್ತೀವಿ. ಹತ್ತು ರೂಪಾಯಿಯಿಂದ ಶುರು ಮಾಡಿ ಲಕ್ಷಗಟ್ಟಲೆ ವಹಿವಾಟು ನಡೆಸುವುದನ್ನು ಕಲಿತವರು ನಾವು. ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಮಾತಾಡಲು ಕಲಿತವರಿಗೆ ಸೂಪರ್‌ವೈಸರ್ ಎದುರು ‘ನೀರು ಕುಡಿದು ಬರ್ತೀನಿ’ ಅಂತ ಹೇಳುವುದು ಕಷ್ಟ ಆಗಬಾರದು.

ಸಭೆಯಲ್ಲಿ ಚರ್ಚಿಸಲು

1. ನಿನ್ನೆ ಕೆಲಸದ ಹೊತ್ತಿನಲ್ಲಿ ನೀವು ಎಷ್ಟು ಲೋಟ ನೀರು ಕುಡಿದಿರಿ? ಎಷ್ಟು ಸಲ ಶೌಚಾಲಯಕ್ಕೆ ಹೋದಿರಿ? ಕಡಿಮೆ ಆದರೆ ಕಾರಣ ಏನು?

2. ನಮ್ಮ ಸಂಘದಲ್ಲಿ ಇ.ಎಸ್.ಐ. ಕಾರ್ಡು ಯಾರ ಯಾರ ಹತ್ತಿರ ಇದೆ? ಅದನ್ನು ಬಳಸಿದವರು ಉಳಿದವರಿಗೆ ಹೇಗೆ ಅಂತ ವಿವರಿಸಿ.

3. ನಮ್ಮದೇ ಘಟಕದಲ್ಲಿ ಈ ತಿಂಗಳು ಸರಿಪಡಿಸಬೇಕಾದ ಒಂದು ವಿಷಯ ಯಾವುದು? ಯಾರು ಜವಾಬ್ದಾರಿ ತಗೊಳ್ತಾರೆ? ಯಾವ ದಿನದ ಒಳಗೆ?